220 ಕೆವಿ ಪೈಪ್ ಬಸ್: ಪೋಸ್ಟ್ ಇನ್ಸುಲೇಟರ್ ತುದಿಯಲ್ಲಿ 3.8 ಕೆಎನ್ನೋ, 10.3 ಕೆಎನ್ನೋ?

ಕರಾವಳಿ_ಸಿವಿಲ್

ನಮಸ್ಕಾರ. ಮಂಗಳೂರು ಕಡೆಯ ಒಂದು 220 ಕೆವಿ ಸ್ವಿಚ್‌ಯಾರ್ಡ್. ನಾನು ಮಾಡಬೇಕಾದ್ದು ಪೈಪ್ ಬಸ್ಸಿನ (ಕರೆಂಟ್ ಹರಿಯೋ ಪೈಪ್) ಬಿಪಿಐ, ಅಂದರೆ ಬಸ್ ಹೊರೋ ಪೋಸ್ಟ್ ಇನ್ಸುಲೇಟರ್, ಅದರ ಸ್ಟ್ಯಾಂಡ್ ಮತ್ತು ಫೌಂಡೇಶನ್. ಇನ್ಸುಲೇಟರ್ ತಲೆ ಮೇಲೆ ಎಷ್ಟು ಅಡ್ಡಬಲ ಅಂತ ಎಲೆಕ್ಟ್ರಿಕಲ್ ಕಡೆಯಿಂದ ಎರಡು ಶೀಟ್ ಬಂದಿವೆ, ಒಂದಕ್ಕೊಂದು ತಾಳಮೇಳ ಇಲ್ಲ.

ಮಾಹಿತಿ ಹೀಗಿದೆ. 4 ಇಂಚಿನ ಐಪಿಎಸ್ ಅಲ್ಯೂಮಿನಿಯಂ ಪೈಪ್, ಹೊರವ್ಯಾಸ 114.2 ಮಿ.ಮೀ, ಒಳವ್ಯಾಸ 97.18 ಮಿ.ಮೀ. ಸ್ಪ್ಯಾನ್ 9 ಮೀ, ಅಂಥ ಮೂರು ಸ್ಪ್ಯಾನ್ ಒಂದೇ ಉದ್ದಕ್ಕೆ. ಫೇಸ್‌ನಿಂದ ಫೇಸ್‌ಗೆ 4.5 ಮೀ. ಫಾಲ್ಟ್ (ಶಾರ್ಟ್‌ಸರ್ಕ್ಯೂಟ್) ಲೆವೆಲ್ 40 ಕೆಎ, 1 ಸೆಕೆಂಡ್. ಬಸ್ಸಿನ ಮಧ್ಯರೇಖೆ ನೆಲದಿಂದ 5.9 ಮೀ, ಇನ್ಸುಲೇಟರ್ ಎತ್ತರ 2300 ಮಿ.ಮೀ, ಅದರ ತಲೆಯಿಂದ ಪೈಪ್ ಮಧ್ಯಕ್ಕೆ ಕ್ಲಾಂಪ್ ಸೇರಿ 180 ಮಿ.ಮೀ.

ಮೊದಲನೇ ಶೀಟ್ ಪ್ರಕಾರ ಒಳಗಿನ ಸಪೋರ್ಟ್‌ಗೆ ಶಾರ್ಟ್‌ಸರ್ಕ್ಯೂಟ್ ಬಲ 3.8 ಕೆಎನ್ (ಕಿಲೋನ್ಯೂಟನ್). ಎರಡನೇ ಶೀಟ್ ಅದನ್ನೇ 2.7ರಿಂದ ಗುಣಿಸಿ 10.3 ಕೆಎನ್ ಅನ್ನುತ್ತೆ. ಇಬ್ಬರೂ ಐಇಸಿ 60865-1 (ಶಾರ್ಟ್‌ಸರ್ಕ್ಯೂಟ್ ಬಲದ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್) ಅಂತಲೇ ಬರೆದಿದ್ದಾರೆ. ಇನ್ನೊಬ್ಬರು ಐಇಇಇ 605 (ಬಸ್ ವಿನ್ಯಾಸದ ಅಮೆರಿಕನ್ ಗೈಡ್) ಹಿಡಿದು ಮೀಟರ್‌ಗೆ 493 ನ್ಯೂಟನ್ ಅಂದರು. ಐಇಸಿ ಶೀಟಲ್ಲಿ ಅದೇ ಜಾಗದಲ್ಲಿ 385 ಇದೆ. ಯಾವುದನ್ನ ನಂಬಲಿ? ಇನ್ಸುಲೇಟರ್ 4 ಕೆಎನ್ ಸಾಕೋ, 8 ಬೇಕೋ? ಗಾಳಿಯನ್ನ ಇದರ ಜೊತೆ ಪೂರ್ತಿ ಕೂಡಿಸಬೇಕಾ?

---

ಲೆಕ್ಕದಪುಸ್ತಕ

ಎರಡೂ ಶೀಟಿನ ಬುಡ ಒಂದೇ, ಜಗಳ 2.7ರದ್ದು ಮಾತ್ರ. ಬುಡದಿಂದಲೇ ಬರೋಣ.

40 ಕೆಎ ಆರ್‌ಎಂಎಸ್‌ಗೆ ಪೀಕ್ 2.5 ಪಟ್ಟು, ಅಂದರೆ 100 ಕೆಎ. ಇದು 50 ಹರ್ಟ್ಜ್‌ನಲ್ಲಿ 45 ಮಿಲಿಸೆಕೆಂಡ್ ಟೈಮ್ ಕಾನ್‌ಸ್ಟಂಟ್ ಇಟ್ಟುಕೊಂಡ ಮಾಮೂಲಿ ಗುಣಕ. ದೊಡ್ಡ ಜನರೇಟರ್ ಪಕ್ಕದಲ್ಲೇ ಇದ್ದರೆ ಇದು ಏರುತ್ತೆ, ಒಮ್ಮೆ ಕೇಳಿ ನೋಡಿ. ಮೂರು ಫೇಸ್ ಫಾಲ್ಟಲ್ಲಿ ಹೆಚ್ಚು ಪೆಟ್ಟು ತಿನ್ನೋದು ನಡುವಿನ ಫೇಸ್. ಮೀಟರ್‌ಗೆ ನ್ಯೂಟನ್ ಲೆಕ್ಕದಲ್ಲಿ 0.2 × 0.866 × 100 × 100 ÷ 4.5 = 385. ಒಂದು 9 ಮೀ ಸ್ಪ್ಯಾನ್‌ಗೆ 3464 ನ್ಯೂಟನ್. ಮೂರು ಅಥವಾ ಹೆಚ್ಚು ಸ್ಪ್ಯಾನ್ ಕಂಟಿನ್ಯೂಯಸ್ ಇದ್ದರೆ ಒಳಗಿನ ಸಪೋರ್ಟ್‌ಗೆ 1.1, ತುದಿಯದಕ್ಕೆ 0.4. ಹಾಗಾಗಿ ಒಳಗಡೆ 3811 ನ್ಯೂಟನ್. ನಿಮ್ಮ 3.8 ಕೆಎನ್ ಇದೇ. ಎರಡೇ ಸ್ಪ್ಯಾನ್ ಆಗಿದ್ದರೆ ನಡುವಿನದಕ್ಕೆ 1.25 ಆಗಿ 4.3 ಕೆಎನ್ ದಾಟುತ್ತಿತ್ತು. ಯಾರ್ಡ್ ಚಿಕ್ಕದು ಮಾಡಿದ್ವಿ, ಬಲವೂ ಕಮ್ಮಿ ಆಯ್ತು ಅಂದುಕೊಳ್ಳೋರು ಇದನ್ನ ನೋಡಬೇಕು.

ಈಗ 2.7. ಐಇಸಿಯಲ್ಲಿ ಸಪೋರ್ಟ್ ಮೇಲಿನ ಬಲ ಅಂದರೆ ವಿ-ಎಫ್ × ವಿ-ಆರ್‌ಎಂ × ಆಲ್ಫಾ × ಬಲ. ಮೊದಲನೆಯದು ಬಸ್ ಎಷ್ಟು ಕುಲುಕುತ್ತೆ ಅನ್ನೋದರ ಗುಣಕ, ಎರಡನೆಯದು ಮೂರು ಫೇಸ್ ಆಟೋ ರೀಕ್ಲೋಸ್ (ಟ್ರಿಪ್ ಆದ ಬ್ರೇಕರ್ ತಾನೇ ಮತ್ತೆ ಸೇರೋದು) ಇದ್ದರೆ ಬರೋದು. ಇವನ್ನ ಹಿಡಿಯೋಕೆ ಎರಡು ದಾರಿ. ಕಂಪನದ ಲೆಕ್ಕವೇ ಬೇಡ ಅಂದರೆ ಕೋಷ್ಟಕದ ಮೇಲ್ಮಿತಿ: ಪೈಪಿನ ಸ್ಟ್ರೆಸ್ಸು 0.8 × ಈಲ್ಡ್ (ಲೋಹ ಶಾಶ್ವತವಾಗಿ ಬಗ್ಗೋಕೆ ಶುರುವಾಗೋ ಸ್ಟ್ರೆಸ್) ದಾಟಿದರೆ ಗುಣಲಬ್ಧ 1; ಅದರ 0.37 ಪಾಲಿಗಿಂತ ಕೆಳಗಿದ್ದರೆ 2.7, ನಡುವೆ ಇದ್ದರೆ 0.8 × ಈಲ್ಡ್ ಭಾಗಿಸು ಸ್ಟ್ರೆಸ್. ಇದರ ತರ್ಕ ಸರಳ. ಈಲ್ಡ್ ಆಗಿ ಬಗ್ಗೋ ಪೈಪ್ ತನ್ನ ತಾಕತ್ತಿಗಿಂತ ಹೆಚ್ಚು ಬಲವನ್ನ ಇನ್ಸುಲೇಟರ್‌ಗೆ ದಾಟಿಸಲಾರದು. ಗಟ್ಟಿಮುಟ್ಟಾದ ಪೈಪ್ ದಾಟಿಸಬಲ್ಲದು. ನಿಮ್ಮ ಪೈಪ್ ಅತಿ ಗಟ್ಟಿ: ಸೆಕ್ಷನ್ ಮಾಡ್ಯುಲಸ್ 69.5 ಘನ ಸೆಂ.ಮೀ, ಶಾರ್ಟ್‌ಸರ್ಕ್ಯೂಟ್ ಸ್ಟ್ರೆಸ್ 41 ಎಂಪಿಎ, ಈಲ್ಡ್ 170 ಹಿಡಿದರೆ ಅದರ 0.8 ಪಾಲಿಗೆ ಅನುಪಾತ 0.30. ಅದಕ್ಕೇ ಎರಡನೇ ಶೀಟಿನವರು 2.7ಕ್ಕೆ ಬಂದು ನಿಂತರು. ಅವರದು ತಪ್ಪಲ್ಲ, ಸೋಮಾರಿತನ.

ಎರಡನೇ ದಾರಿ ಹಿಡಿಯಿರಿ. ಪೈಪ್ ತೂಕ ಮೀಟರ್‌ಗೆ 7.63 ಕೆಜಿ, ಜಡತ್ವ ಭ್ರಾಮಕ 397 ಸೆಂ.ಮೀ ಘಾತ 4, ಇ 70,000 ಎಂಪಿಎ. ಐಇಸಿಯ 3.56 ಗುಣಕ ಹಾಕಿದರೆ ಸಹಜ ಕಂಪನಾಂಕ 8.4 ಹರ್ಟ್ಜ್. 50ರಿಂದ ಭಾಗಿಸಿದರೆ 0.17. ಫಾಲ್ಟ್ ಬಲ 50 ಮತ್ತು 100 ಹರ್ಟ್ಜ್‌ನಲ್ಲಿ ಬಡಿಯುತ್ತೆ. 8 ಹರ್ಟ್ಜ್‌ನ ಬಸ್ಸಿಗೆ ಅದರ ತಾಳಕ್ಕೆ ಕುಣಿಯೋಕೆ ಆಗಲ್ಲ. ಅಲ್ಲಿ ವಿ-ಎಫ್ 1ಕ್ಕಿಂತ ಸಾಕಷ್ಟು ಕೆಳಗಿರುತ್ತೆ. ರೀಕ್ಲೋಸ್ ಗುಣಕ ಸುಮಾರು 1.5 ಬರುತ್ತೆ, ಗುಣಿಸಿದರೂ 1ರ ಒಳಗೇ. ಹಾಗಾಗಿ 1 ಅಂತ ಹಿಡಿದು 3.8 ಕೆಎನ್‌ನಲ್ಲೇ ಇರಿ. 2.7 ನಿಜಕ್ಕೂ ಕಚ್ಚೋದು 11 ಕೆವಿ ಪ್ಯಾನೆಲ್ ಒಳಗೆ. ಅಲ್ಲಿ ಚಪ್ಪಟೆ ಬಾರ್, ಮೀಟರಿಗಿಂತ ಚಿಕ್ಕ ಸ್ಪ್ಯಾನ್, ಕಂಪನಾಂಕ 50-100 ಹರ್ಟ್ಜ್ ಹತ್ತಿರ ಬಂದುಬಿಡುತ್ತೆ.

493ರ ಕಥೆ ಬೇರೆ. ಐಇಇಇ 605ರ ಸೂತ್ರದಲ್ಲಿ ಪೀಕ್ ಅಂದರೆ ಪೂರ್ತಿ ಆಫ್‌ಸೆಟ್, 2.828 ಪಟ್ಟು, ಕರೆಂಟ್ ಬರಬರುತ್ತ ಇಳಿಯೋದು (ಡಿಕೇ) ಲೆಕ್ಕದಲ್ಲಿ ಇಲ್ಲ. 385 × (2.828 ÷ 2.5)ರ ವರ್ಗ = 493. ಡಿಕ್ರಿಮೆಂಟ್ ಗುಣಕ ಡಿ-ಎಫ್ ಆಮೇಲೆ ಬರುತ್ತೆ, ಅದೂ ವರ್ಗ ಮಾಡಿ. ಡಿ-ಎಫ್ 0.884 ಆದರೆ ಎರಡೂ ಸ್ಟ್ಯಾಂಡರ್ಡ್ ಒಂದೇ ಉತ್ತರ ಕೊಡುತ್ತವೆ. ಜೊತೆಗೆ ಸ್ಟ್ಯಾಂಡ್ ಎಷ್ಟು ಬಳುಕುತ್ತೆ ಅನ್ನೋದಕ್ಕೆ ಕೆ-ಎಫ್ ಗುಣಕ ಇದೆ, ಅನುಮಾನ ಇದ್ದರೆ 1 ಹಾಕಿ. ಒಂದು ಸ್ಟ್ಯಾಂಡರ್ಡ್‌ನ ಬಲ ತಗೊಂಡು ಇನ್ನೊಂದರ ರಿಯಾಯಿತಿ ಕೊಡೋ ಕೆಲಸ ಮಾತ್ರ ಮಾಡಬೇಡಿ. ನಮ್ಮ ಐಎಸ್ 13235 ಐಇಸಿ ಸಾಲಿನದೇ, ಆದರೆ ಹಳೇ ಆವೃತ್ತಿಯಿಂದ ಬಂದದ್ದು.

---

ಪಿಂಗಾಣಿ_245

ಮೇಲಿನ ಲೆಕ್ಕ ಸರಿ. ನಾನು ಇನ್ಸುಲೇಟರ್ ಆಯ್ಕೆಯ ಬಗ್ಗೆ ಹೇಳ್ತೀನಿ, ತಪ್ಪು ಹೆಚ್ಚಾಗೋದು ಅಲ್ಲಿ.

ಸಿ8-1050 ಅಂದರೆ ಐಇಸಿ 60273ರ ಭಾಷೆಯಲ್ಲಿ 8 ಕೆಎನ್ ಕ್ಯಾಂಟಿಲಿವರ್ (ಅಡ್ಡ ಎಳೆತ), 1050 ಕೆವಿ ಇಂಪಲ್ಸ್ (ಸಿಡಿಲಿನಂಥ ವೋಲ್ಟೇಜ್ ಏಟು), 2300 ಮಿ.ಮೀ ಎತ್ತರ. ಆ 8 ಕೆಎನ್ ಇನ್ಸುಲೇಟರ್‌ನ ಮೇಲಿನ ಫ್ಲ್ಯಾಂಜ್ ಮಟ್ಟದಲ್ಲಿ ಎಳೆದಾಗಿನ ಮುರಿಯುವ ಬಲ. ನಿಮ್ಮ ಪೈಪ್ ಅದಕ್ಕಿಂತ 180 ಮಿ.ಮೀ ಮೇಲಿದೆ. ಬುಡದ ಕ್ಯಾಪ್ ಹತ್ತಿರದ ಮೊಮೆಂಟ್ ತಾನೇ ಪಿಂಗಾಣಿ ಮುರಿಯೋದು, ಹಾಗಾಗಿ ಬಸ್ಸಿಂದ ಬರೋ ಪ್ರತಿ ನ್ಯೂಟನ್ನನ್ನೂ 2480 ÷ 2300 = 1.078ರಿಂದ ಗುಣಿಸಿ. ಶೀಟ್‌ಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗೋದು ಈ ಸಾಲು. ಡಬಲ್ ಪೈಪ್ ಕ್ಲಾಂಪ್, ಎತ್ತರದ ಎಕ್ಸ್‌ಪ್ಯಾನ್ಷನ್ ಕ್ಲಾಂಪ್ ಬಂದರೆ ಇದೇ 15 ಪರ್ಸೆಂಟ್ ತನಕ ಹೋಗುತ್ತೆ.

ಗಾಳಿ: ಐಎಸ್ 875 ಭಾಗ 3, 2015ರ ಆವೃತ್ತಿ. ಮಂಗಳೂರಿಗೆ ಮೂಲ ವೇಗ ಸೆಕೆಂಡಿಗೆ 39 ಮೀ (ಬೆಂಗಳೂರಿಗೆ 33). 100 ವರ್ಷದ ಆಯುಸ್ಸಿಗೆ ಕೆ1 1.06, ಕೆ2, 10 ಮೀಟರ್ ಒಳಗೆ ಎರಡನೇ ಭೂವರ್ಗದಲ್ಲಿ (ಬಯಲು ಜಾಗ) 1, ಗುಡ್ಡ-ಇಳಿಜಾರಿನ ಕೆ3 1. ಚಂಡಮಾರುತದ ಕೆ4 ಪೂರ್ವ ಕರಾವಳಿ ಮತ್ತು ಗುಜರಾತಿಗೆ ಇರೋದು, ನಮ್ಮ ಕರಾವಳಿಗೆ ಕೋಡ್ ಪ್ರಕಾರ 1. ಸೈಟ್ ಸಮುದ್ರಕ್ಕೇ ಬಾಯ್ತೆರೆದಿದ್ದರೆ ಒಂದನೇ ಭೂವರ್ಗ ಹಿಡಿಯಿರಿ, ಕೆ2 1.05 ಆಗುತ್ತೆ. ಎರಡನೇ ವರ್ಗದಲ್ಲಿ 41.3 ಮೀ/ಸೆ, ಒತ್ತಡ 1025 ನ್ಯೂಟನ್ ಪ್ರತಿ ಚದರ ಮೀಟರ್‌ಗೆ. ಪೈಪಿಗೆ ಬಲ ಗುಣಕ 1.2: ವ್ಯಾಸ × ವೇಗ 4.7 ಬರುತ್ತೆ, 6ಕ್ಕಿಂತ ಕಮ್ಮಿ, ಹಾಗಾಗಿ ಸಣ್ಣ ಗುಣಕಕ್ಕೆ ಇಳಿಯೋ ಹಾಗಿಲ್ಲ. ಮೀಟರ್‌ಗೆ 140 ನ್ಯೂಟನ್. ಒಳಗಿನ ಸಪೋರ್ಟ್‌ಗೆ 1.1 × 140 × 9, ಅಂದಾಜು 1390 ನ್ಯೂಟನ್.

ಇನ್ಸುಲೇಟರ್ ಮೈಮೇಲೂ ಗಾಳಿ ಬೀಳುತ್ತೆ, ಅದನ್ನ ಮರೆಯೋರೇ ಜಾಸ್ತಿ. ಶೆಡ್ ಸೇರಿ ಸರಾಸರಿ ವ್ಯಾಸ 270 ಮಿ.ಮೀ ಅಂದುಕೊಂಡು, ಶೆಡ್‌ಗಳ ಒರಟಿಗೆ 1.2 ಗುಣಕವನ್ನೇ ಇಟ್ಟರೆ 763 ನ್ಯೂಟನ್. ಅದು ನಡುಮಧ್ಯದಲ್ಲಿ ಬೀಳೋದರಿಂದ ತಲೆಯಲ್ಲಿ ಅರ್ಧ, 382.

ಕೂಡಿಸಿ: (3811 + 1390) × 1.078 + 382 = 5990 ನ್ಯೂಟನ್. ಯಾವ ಸುರಕ್ಷಾ ಗುಣಕವೂ ಇಲ್ಲದೆ 6 ಕೆಎನ್! ಸಿ4 ಹೆಸರೆತ್ತಬೇಡಿ. ಸಿ6ರಲ್ಲಿ ಕೂದಲೆಳೆಯಷ್ಟೂ ಉಳಿಯಲ್ಲ.

ಗುಣಕದ ವಿಷಯದಲ್ಲಿ ಐಇಸಿ 60865 ಉದಾರಿ. ತಯಾರಕ ಕೊಟ್ಟ ತಲೆಬಲವನ್ನ ದಾಟಬಾರದು ಅಂತ ಹೇಳಿ ಸುಮ್ಮನಾಗುತ್ತೆ. ಪಿಂಗಾಣಿ ಬಗ್ಗಿ ಎಚ್ಚರಿಸೋ ವಸ್ತುವಲ್ಲ. ಕಬ್ಬಿಣದ ಹಾಗೆ ಈಲ್ಡ್ ಇಲ್ಲ, ಒಂದೇ ಏಟಿಗೆ ಹೋಗುತ್ತೆ, ಅದೂ ಒಂದೊಂದು ಪೀಸ್ ಒಂದೊಂದು ಬಲಕ್ಕೆ. ಐಇಇಇ 605ರ 1998ರ ಆವೃತ್ತಿಯಲ್ಲಿ ಗಾಳಿಗೆ 2.5 ಗುಣಕ ಇತ್ತು. ಶಾರ್ಟ್‌ಸರ್ಕ್ಯೂಟ್‌ಗೆ, ಇನ್ಸುಲೇಟರ್-ಸ್ಟ್ಯಾಂಡ್ ಜೋಡಿಯ ಕಂಪನಾಂಕ ಫಾಲ್ಟ್ ಬಲದ ಕಂಪನಾಂಕದಿಂದ ಸಾಕಷ್ಟು ದೂರ ಇದ್ದರೆ 1. ಹಳೇದಾದರೂ ಸರಳ, ನಾನಂತೂ ಮೊದಲ ಜರಡಿಗೆ ಇದನ್ನೇ ಬಳಸೋದು. ನಿಮ್ಮ ಕೇಸಲ್ಲಿ:

ಗಾಳಿ: 2.5 × (1390 × 1.078 + 382) = 4700
ಶಾರ್ಟ್‌ಸರ್ಕ್ಯೂಟ್: 3811 × 1.078 = 4108
ಒಟ್ಟು 8.8 ಕೆಎನ್.

9 ಮೀಟರ್ ಸ್ಪ್ಯಾನಲ್ಲಿ ಸಿ8 ಕೂಡ ಫೇಲ್. ಸ್ಪ್ಯಾನ್ 7.5 ಮೀಟರ್ ಮಾಡಿ ಇದೇ ಲೆಕ್ಕ ಹಾಕಿದರೆ 4077 + 3424 = 7.5 ಕೆಎನ್, ಸಿ8 ಪಾಸ್. ಸಿ10ಕ್ಕೆ ಹೋಗೋದೋ, ಒಂದು ಸಾಲು ಸ್ಟ್ಯಾಂಡ್ ಹೆಚ್ಚಿಸೋದೋ ಅನ್ನೋದು ರೇಟಿನ ಮಾತು. ಬದಲಿ ಪೀಸ್ ಸ್ಟೋರಲ್ಲಿ ಸಿಗೋದು ಯಾವುದು ಅಂತಲೂ ನೋಡಿಕೊಳ್ಳಿ. ಇಡೀ ಯಾರ್ಡ್ ಸಿ8 ಇದ್ದು ಎರಡು ಬೇಗಳಿಗೆ (ಯಾರ್ಡಿನ ವಿಭಾಗಗಳಿಗೆ) ಮಾತ್ರ ಸಿ10 ಹಾಕಿದರೆ, ನಾಳೆ ಒಡೆದಾಗ ಅಲ್ಲಿಗೆ ಸಿ8ನ್ನೇ ತಂದು ಕೂರಿಸ್ತಾರೆ. ಎತ್ತರ ಒಂದೇ, ಬೋಲ್ಟ್ ತೂತು ಹೊಂದಿಬಿಟ್ಟರೆ ಯಾರೂ ಕೇಳೋದಿಲ್ಲ.

---

ಕರಾವಳಿ_ಸಿವಿಲ್

ತುಂಬಾ ಥ್ಯಾಂಕ್ಸ್. 7.5 ಮೀಟರ್‌ಗೆ ಲೇಔಟ್ ಒಪ್ಪುತ್ತೆ. ಮೂರು ಅನುಮಾನ. ಒಂದು, ಪೂರ್ತಿ ಗಾಳಿ ಬೀಸ್ತಾ ಇರುವಾಗಲೇ ಪೂರ್ತಿ 40 ಕೆಎ ಫಾಲ್ಟ್ ಆಗೋದು ಅತಿ ಅನ್ನಿಸಲ್ವಾ? ಎರಡು, ಪಿಂಗಾಣಿ ಬದಲು ಪಾಲಿಮರ್ ಹಾಕಬಹುದಾ, ಉಪ್ಪುಗಾಳಿಗೆ ಒಳ್ಳೇದು ಅಂತಾರೆ. ಮೂರು, ಭೂಕಂಪ ಯಾರೂ ಎತ್ತಲೇ ಇಲ್ಲ.

---

ಲೆಕ್ಕದಪುಸ್ತಕ

ಅತಿ ಅಂತ ಎಎಸ್‌ಸಿಇಯ ಮ್ಯಾನ್ಯುಯಲ್ 113ಕ್ಕೂ (ಸಬ್‌ಸ್ಟೇಷನ್ ರಚನೆಗಳ ಅಮೆರಿಕನ್ ಕೈಪಿಡಿ) ಅನ್ನಿಸಿದೆ. ಅಲ್ಲಿ ಪರಮಾವಧಿ ಗಾಳಿಯ ಜೊತೆ ಶಾರ್ಟ್‌ಸರ್ಕ್ಯೂಟ್‌ನ ಮುಕ್ಕಾಲು ಪಾಲು ಹಿಡೀತಾರೆ, ಪೂರ್ತಿ ಶಾರ್ಟ್‌ಸರ್ಕ್ಯೂಟ್‌ಗೆ ಬೇರೆ ಕೇಸ್ ಇದೆ. ಆ 0.75 ಹಾಕಿದರೆ ನಿಮ್ಮ 9 ಮೀಟರ್ ಸ್ಪ್ಯಾನ್‌ನದೂ 4700 + 3081 = 7.8 ಕೆಎನ್‌ಗೆ ಇಳಿದು ಸಿ8ರಲ್ಲಿ ಹೇಗೋ ತೂರುತ್ತೆ. ಆದರೆ ಆ ಮ್ಯಾನ್ಯುಯಲ್‌ನ 0.75 ಅದರದೇ ಲೋಡ್ ಗುಣಕಗಳ ಜೊತೆ ಹುಟ್ಟಿದ್ದು, 1998ರ 605ರ 2.5 ಜೊತೆ ಅಲ್ಲ. ನಾನು ಮೇಲೆ ಬೇಡ ಅಂದ ಕಲಬೆರಕೆ ಇದೇ. ಟೆಂಡರ್ ಸ್ಪೆಸಿಫಿಕೇಶನ್‌ನಲ್ಲಿ ಕಾಂಬಿನೇಶನ್ ಬರೆದಿದ್ದರೆ ಅದೇ ಅಂತಿಮ. ಬರೆದಿಲ್ಲದಿದ್ದರೆ ಬರವಣಿಗೆಯಲ್ಲಿ ಕೇಳಿ. ಇನ್ನೊಂದು ಮಾತು: ಜೋರು ಗಾಳಿಮಳೆಯಲ್ಲೇ ಲೈನ್ ಮೇಲೆ ಮರ ಬೀಳೋದು, ಸಿಡಿಲು ಬಡಿಯೋದು. ಗಾಳಿಗೂ ಫಾಲ್ಟಿಗೂ ಸಂಬಂಧವೇ ಇಲ್ಲ ಅನ್ನೋ ಹಾಗಿಲ್ಲ.

ಭೂಕಂಪ ಎತ್ತದ್ದಕ್ಕೆ ಕಾರಣ ತೂಕ. ಐಎಸ್ 1893ರ 2016ರ ಭೂಪಟದಲ್ಲಿ ಮಂಗಳೂರು ಮೂರನೇ ವಲಯ, ಗುಣಕ 0.16. ಒಂದು ಸಪೋರ್ಟ್ ಹೊರೋ ಪೈಪಿನ ತೂಕ 8.25 ಮೀ (7.5ರ 1.1 ಪಟ್ಟು) × 7.63, ಸುಮಾರು 63 ಕೆಜಿ. ಇದಕ್ಕೆ 0.3 ಜಿ ಹಾಕಿದರೂ 200 ನ್ಯೂಟನ್ ಆಗಲ್ಲ. ಇನ್ಸುಲೇಟರ್‌ನ ಸ್ವಂತ ತೂಕ ಸೇರಿಸಿದರೂ ಗಾಳಿಯ ಹತ್ತಿರ ಬರಲ್ಲ. ಶೀಟಲ್ಲಿ ಒಂದು ಸಾಲು ತೋರಿಸಿ ಮುಂದೆ ಹೋಗಿ. ಕಛ್‌ನಂಥ ಐದನೇ ವಲಯದಲ್ಲಿ, ಅದೂ ತಲೆಭಾರದ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್), ಬ್ರೇಕರ್‌ಗಳಿಗೆ ಐಇಇಇ 693 (ಉಪಕರಣಗಳ ಭೂಕಂಪ ಸ್ಟ್ಯಾಂಡರ್ಡ್) ತೆಗೀಬೇಕು. ಇಲ್ಲಿ ಬೇಡ.

---

ಪಿಂಗಾಣಿ_245

ಪಾಲಿಮರ್ ಹಾಕಬಹುದು, ಆದರೆ ಸಿ8 ಅಂತ ಅದೇ ಅಂಕಿ ಹಿಡಿದು ಆರ್ಡರ್ ಮಾಡಬೇಡಿ. ಕಾಂಪೋಸಿಟ್ ಸ್ಟೇಷನ್ ಪೋಸ್ಟ್‌ಗೆ ಐಇಸಿ 62231. ಅದರಲ್ಲಿ ಎರಡು ಅಂಕಿ ಇರುತ್ತೆ: ಎಸ್‌ಸಿಎಲ್ ಅಂದರೆ ಪರೀಕ್ಷೆಯಲ್ಲಿ ತಡೆಯಬೇಕಾದ ನಿಗದಿತ ಬಲ, ಎಂಡಿಸಿಎಲ್ ಅಂದರೆ ಸರ್ವಿಸ್‌ನಲ್ಲಿ ದಾಟಬಾರದ ವಿನ್ಯಾಸ ಬಲ. ಕ್ಯಾಟಲಾಗ್‌ನಲ್ಲಿ ದಪ್ಪಕ್ಷರದಲ್ಲಿ ಹಾಕೋದು ಮೊದಲನೆಯದನ್ನ. ನಿಮಗೆ ಬೇಕಾದ್ದು ಎರಡನೆಯದು. ಎಂಡಿಸಿಎಲ್ ದಾಟಿ ಬಗ್ಗಿದ ಫೈಬರ್ ರಾಡ್ ಹೊರಗಿಂದ ಸರಿಯಾಗೇ ಕಾಣುತ್ತೆ, ಒಳಗೆ ನಾರು ಬಿಟ್ಟಿರುತ್ತೆ. ಬಳುಕು ಕೂಡ ಪಿಂಗಾಣಿಗಿಂತ ಜಾಸ್ತಿ, ತಲೆ ಎಷ್ಟು ಮಿ.ಮೀ ಓಲುತ್ತೆ ಅಂತ ತಯಾರಕರಿಂದ ತಗೊಂಡು ಫೇಸ್ ಅಂತರದಿಂದ ಕಳೆದು ನೋಡಿ.

ಪಿಂಗಾಣಿಯಲ್ಲೇ ಇರ್ತೀರಾದರೆ ಕ್ರೀಪೇಜ್ (ಇನ್ಸುಲೇಟರ್ ಮೈಗುಂಟ ಅಳೆದ ದೂರ) ಕೆವಿಗೆ 31 ಮಿ.ಮೀ ಕೇಳಿ: 220 ಕೆವಿಯ ಗರಿಷ್ಠ ವೋಲ್ಟೇಜ್ 245 ಹಿಡಿದು 245 × 31 = 7595 ಮಿ.ಮೀ. 25ರ ಲೆಕ್ಕದ 6125 ಒಳನಾಡಿಗೆ ಸರಿ, ಉಪ್ಪು ಕೂರೋ ಜಾಗಕ್ಕೆ ಅಲ್ಲ. ಎತ್ತರ ಅದೇ 2300 ಇಟ್ಟು ಕ್ರೀಪೇಜ್ ಏರಿಸಿದರೆ ಶೆಡ್ ಅಗಲ ಆಗುತ್ತೆ, ಆಗ ನಾನು ಹಿಡಿದ 270 ಮಿ.ಮೀ ವ್ಯಾಸ ತಪ್ಪುತ್ತೆ. ತಯಾರಕರ ಡ್ರಾಯಿಂಗ್ ಬಂದಮೇಲೆ ಆ 382ನ್ನ ಮತ್ತೆ ಲೆಕ್ಕ ಹಾಕಿ.

---

ಸ್ಪ್ಯಾನರ್_24

ಬಲದ ಲೆಕ್ಕ ಎಲ್ಲ ಆಯ್ತು. ಬಿಪಿಐ ಮುರಿಯೋದು ಫಾಲ್ಟಿಗಿಂತ ಕ್ಲಾಂಪಿಗೆ ಹೆಚ್ಚು.

ಪೈಪ್ ಬಿಸಿಲಿಗೂ ಕರೆಂಟಿಗೂ ಹಿಗ್ಗುತ್ತೆ. 22.5 ಮೀಟರ್ ಉದ್ದಕ್ಕೆ, ಬೆಳಗಿನ ಜಾವದ ತಂಪಿಂದ ಫುಲ್ ಲೋಡ್ ತನಕ 60 ಡಿಗ್ರಿ ಏರಿಳಿತ ಅಂದರೆ 23 ಮೈಕ್ರೋ × 22.5 ಮೀ × 60 = 31 ಮಿ.ಮೀ. ನಾಲ್ಕೂ ಸಪೋರ್ಟಲ್ಲಿ ಫಿಕ್ಸೆಡ್ ಕ್ಲಾಂಪ್ ಬಿಗಿದರೆ ಈ 31 ಮಿ.ಮೀ ಎಲ್ಲಿಗೆ ಹೋಗುತ್ತೆ? ಪೈಪಿನ ಅಡ್ಡಕೊಯ್ತ 2826 ಚದರ ಮಿ.ಮೀ. ಎರಡು ಕೊನೆ ಪೂರ್ತಿ ಜಗ್ಗದ ಹಾಗಿದ್ದರೆ ಒಂದೇ ಒಂದು ಡಿಗ್ರಿಗೆ 4.5 ಕೆಎನ್. ಅಂದರೆ ಎರಡು ಡಿಗ್ರಿಗೆ ಸಿ8ನ್ನ ಮುರಿಯೋವಷ್ಟು. ನಿಜದಲ್ಲಿ ಸ್ಟ್ಯಾಂಡ್ ಒಂದಿಷ್ಟು ಬಳುಕಿ ಕೊಡೋದರಿಂದ ತಕ್ಷಣ ಮುರಿಯಲ್ಲ, ದಿನಾ ಬಗ್ಗಿ ಬಗ್ಗಿ ಬುಡದ ಸಿಮೆಂಟ್ ಜಾಯಿಂಟಲ್ಲಿ ಬಿರುಕು ಬಿಡುತ್ತೆ. ಆಮೇಲೆ ಒಂದಿನ ಫಾಲ್ಟ್ ಬಂದಾಗ ಮುರಿದು, ತಪ್ಪು ಫಾಲ್ಟಿನ ತಲೆ ಮೇಲೆ.

ಸರಿಯಾದ ಜೋಡಣೆ: ಮೂರು ಸ್ಪ್ಯಾನ್ ಉದ್ದಕ್ಕೆ ಒಂದೇ ಒಂದು ಫಿಕ್ಸೆಡ್, ಒಳಗಿನ ಎರಡು ಸಪೋರ್ಟ್‌ಗಳಲ್ಲಿ ಒಂದರಲ್ಲಿ. ಉಳಿದ ಮೂರು ಸ್ಲೈಡಿಂಗ್. ಆಗ ದೂರದ ತುದಿ ಫಿಕ್ಸೆಡ್‌ನಿಂದ 15 ಮೀ, ಓಡಾಟ 21 ಮಿ.ಮೀ. ಪಕ್ಕದ ಉದ್ದಕ್ಕೆ ಸೇರೋ ಕಡೆ ಎಕ್ಸ್‌ಪ್ಯಾನ್ಷನ್ ಕ್ಲಾಂಪ್, ಅದರ ಫ್ಲೆಕ್ಸಿಬಲ್ ಪಟ್ಟಿ ಎರಡೂ ಕಡೆಯ ಓಡಾಟ ಕೂಡಿಸಿದಷ್ಟು ತಡೀಬೇಕು. ಸ್ಲೈಡಿಂಗ್ ಕ್ಲಾಂಪಿನ ಮೇಲ್ಮುಚ್ಚಳ ಮತ್ತು ಪೈಪ್ ನಡುವೆ ಬಿಡುವು ಇರಲೇಬೇಕು. ಫಿಟರ್ ಕೈಗೆ ಸ್ಪ್ಯಾನರ್ ಸಿಕ್ಕರೆ ಬಿಡುವು ಕಂಡಲ್ಲೆಲ್ಲ ಬಿಗಿದುಬಿಡ್ತಾನೆ! ಅದಕ್ಕೇ ಸ್ಲೈಡಿಂಗ್‌ಗೆ ಸ್ಪೇಸರ್ ಇರೋ ಮಾದರಿ ತರಿಸಿ. ಎಷ್ಟು ಬಿಗಿದರೂ ಪೈಪನ್ನ ಹಿಡಿಯಲ್ಲ.

ಇನ್ಸುಲೇಟರ್ ನಿಲ್ಲಿಸುವಾಗ ಬೇಸ್ ಪ್ಲೇಟ್ ಸಪಾಟಿಲ್ಲ ಅಂತ ಬೋಲ್ಟ್ ಬಿಗಿದು ಎಳೆದು ಕೂರಿಸ್ತಾರೆ. ಬೇಡ. ಫ್ಲ್ಯಾಂಜ್ ಕೆಳಗೆ ಜಿಂಕ್ ಲೇಪನದ ಶಿಮ್ ಕೊಟ್ಟು, ಎದುರುಬದುರು ಬೋಲ್ಟ್‌ಗಳನ್ನ ಸ್ವಲ್ಪ ಸ್ವಲ್ಪವೇ, ಟಾರ್ಕ್ ರೆಂಚಲ್ಲಿ. 220ಕ್ಕೆ ಎರಡು ಪೀಸ್ ಸ್ಟ್ಯಾಕ್ ಬಂದರೆ ಎರಡರ ನಡುವಿನ ಜಾಯಿಂಟಿಗೂ ಇದೇ ಮಾತು. ತಲೆ ಒಂದು ಸೆಂಟಿಮೀಟರ್ ವಾಲಿದ್ದನ್ನ ಪೈಪ್ ಹೇರಿ ಎಳೆದು ಸರಿಮಾಡಿದರೆ ಆ ಎಳೆತ ಅಲ್ಲೇ ಉಳಿಯುತ್ತೆ.

ಗಾಳಿ ಕಂಪನ ಯಾರೂ ಹೇಳಲಿಲ್ಲ. ಜೋರು ಗಾಳಿಯಲ್ಲ, ಸಂಜೆಯ ಕಡಲಗಾಳಿ ಥರ ಒಂದೇ ಸಮನೆ ಮೆಲ್ಲಗೆ ಬೀಸೋದು. ಪೈಪ್ ಹಿಂದೆ ಸುಳಿ ಬಿಡೋ ಕಂಪನಾಂಕ 0.2 × ವೇಗ ÷ ವ್ಯಾಸ. 7.5 ಮೀಟರ್ ಸ್ಪ್ಯಾನಿನ ಮೊದಲ ಕಂಪನ 5.3 ಹರ್ಟ್ಜ್, ಅಂದರೆ 3 ಮೀ/ಸೆ ಗಾಳಿಗೇ ತಾಳ ಸೇರುತ್ತೆ, ಗಂಟೆಗೆ 11 ಕಿ.ಮೀ. ಮದ್ದು ಅಗ್ಗದ್ದು: ಪೈಪ್ ಒಳಗೆ ಎಸಿಎಸ್‌ಆರ್ (ನಡುವೆ ಉಕ್ಕು ಇರೋ ಅಲ್ಯೂಮಿನಿಯಂ) ತಂತಿ ಹಾಯಿಸಿ, ಒಂದು ತುದಿ ಮಾತ್ರ ಎಂಡ್ ಕ್ಯಾಪ್‌ಗೆ ಕಟ್ಟಿ, ಉಳಿದದ್ದು ಸಡಿಲ ಬಿಡಬೇಕು. ತೂಕ ಪೈಪಿನ 10ರಿಂದ 33 ಪರ್ಸೆಂಟ್ ಒಳಗೆ. ಪ್ಯಾಂಥರ್ ಅನ್ನೋ ಅಳತೆಯ ಎಸಿಎಸ್‌ಆರ್ ಮೀಟರ್‌ಗೆ 0.974 ಕೆಜಿ, ನಿಮ್ಮ ಪೈಪಿಗೆ 13 ಪರ್ಸೆಂಟ್ ಹತ್ತಿರ, ಸಾಕು. ಪೈಪ್ ಮೇಲೆ ಏರಿಸೋದಕ್ಕೆ ಮುಂಚೆ ಹಾಕಬೇಕು. ಏರಿಸಿ, ಬೆಸುಗೆ ಆದಮೇಲೆ ನೆನಪಾದರೆ ದೇವರೇ ಗತಿ. ಬೆಸುಗೆ ಅಂದಾಗ ನೆನಪಾಯ್ತು: ಪೈಪ್ ಜಾಯಿಂಟ್ ಸಪೋರ್ಟ್ ಮೇಲೂ ಬೇಡ, ಸ್ಪ್ಯಾನ್ ನಡುವೆಯೂ ಬೇಡ. ಸಪೋರ್ಟಿಂದ ಸ್ಪ್ಯಾನಿನ ಐದನೇ ಒಂದು ಭಾಗದ ಹತ್ತಿರ ಬಾಗುವಿಕೆ ಸೊನ್ನೆ ಸುತ್ತ ಇರುತ್ತೆ, ಅಲ್ಲಿ ಇಡಿ. ಬೆಸುಗೆ ಶಾಖಕ್ಕೆ ಟಿ6 (ಶಾಖ ಕೊಟ್ಟು ಗಟ್ಟಿ ಮಾಡಿದ) ಅಲ್ಯೂಮಿನಿಯಂ ಮೆತ್ತಗಾಗುತ್ತೆ.

---

ಕರಾವಳಿ_ಸಿವಿಲ್

@ಸ್ಪ್ಯಾನರ್_24 ಪ್ಯಾಂಥರ್ ವಿಷಯ ಬಿಒಕ್ಯೂನಲ್ಲೇ (ಸಾಮಗ್ರಿ-ಪ್ರಮಾಣದ ಪಟ್ಟಿ) ಇರಲಿಲ್ಲ, ಸೇರಿಸ್ತೀನಿ. ಒಂದು ಗೊಂದಲ: @ಲೆಕ್ಕದಪುಸ್ತಕ 9 ಮೀಟರ್‌ಗೆ 8.4 ಹರ್ಟ್ಜ್ ಅಂದರು. ಸ್ಪ್ಯಾನ್ ಕಮ್ಮಿ ಮಾಡಿದರೆ ಕಂಪನಾಂಕ ಏರಬೇಕು, ಇಲ್ಲಿ 7.5 ಮೀಟರ್‌ಗೆ 5.3 ಅಂತಿದೆ?

---

ಲೆಕ್ಕದಪುಸ್ತಕ

ಒಳ್ಳೇ ಪ್ರಶ್ನೆ. ಎರಡೂ ಸರಿ, ಬೇರೆ ಬೇರೆ ಕುಣಿತ. ಫಾಲ್ಟಲ್ಲಿ ಎಲ್ಲ ಸ್ಪ್ಯಾನೂ ಒಂದೇ ದಿಕ್ಕಿಗೆ ತಳ್ಳಲ್ಪಡುತ್ತೆ. ಸಪೋರ್ಟ್ ಮೇಲೆ ಪೈಪ್ ತಿರುಗೋಕೆ ಪಕ್ಕದ ಸ್ಪ್ಯಾನ್ ಬಿಡಲ್ಲ, ಹಾಗಾಗಿ ಎರಡೂ ಕಡೆ ಬಿಗಿ ಇದ್ದ ಹಾಗೆ, ಗುಣಕ 3.56. ಸಣ್ಣ ಗಾಳಿಗೆ ಪೈಪ್ ಹಾವಿನ ಥರ ಆಡುತ್ತೆ, ಒಂದು ಸ್ಪ್ಯಾನ್ ಮೇಲೆ, ಪಕ್ಕದ್ದು ಕೆಳಗೆ. ಸಪೋರ್ಟ್ ಹತ್ತಿರ ಪೈಪ್ ಆರಾಮಾಗಿ ತಿರುಗುತ್ತೆ, ಪ್ರತಿ ಸ್ಪ್ಯಾನೂ ಸಿಂಪ್ಲಿ ಸಪೋರ್ಟೆಡ್ ಥರ, ಗುಣಕ 1.57. ಅದೇ ಲೆಕ್ಕದಲ್ಲಿ 9 ಮೀಟರ್‌ಗೆ 3.7, 7.5ಕ್ಕೆ 5.3. ಫಾಲ್ಟ್ ಲೆಕ್ಕದ್ದು 7.5 ಮೀಟರ್‌ಗೆ 12 ಹರ್ಟ್ಜ್ ಆಗುತ್ತೆ, ಆಗಲೂ 50ರಿಂದ ದೂರವೇ.

ಪೈಪಿನ ಸ್ಟ್ರೆಸ್ ಬಗ್ಗೆ ತಲೆ ಕೆಡಿಸ್ಕೋಬೇಡಿ. 9 ಮೀಟರಲ್ಲೇ ಫಾಲ್ಟ್, ಗಾಳಿ, ಸ್ವಂತ ತೂಕ ಎಲ್ಲ ಸೇರಿ 62 ಎಂಪಿಎ. ಇಂಥ ಬಸ್ಸಲ್ಲಿ ಮೊದಲು ಸೋಲೋದು ಇನ್ಸುಲೇಟರ್.

---

ಪಿಂಗಾಣಿ_245

ಸ್ಟ್ಯಾಂಡಿನ ಅಂಕಿ ಯಾರೂ ಕೊಟ್ಟಿಲ್ಲ, ನೀವು ಕೇಳಿದ್ದೇ ಅದನ್ನ. 7.5 ಮೀಟರ್‌ಗೆ, ಯಾವ ಗುಣಕವೂ ಇಲ್ಲದೆ:

ಬಸ್ ಮಟ್ಟದಲ್ಲಿ 3176 + 1158 = 4334 ನ್ಯೂಟನ್, 5.9 ಮೀ ಎತ್ತರಕ್ಕೆ 25.6 ಕೆಎನ್-ಮೀ. ಇನ್ಸುಲೇಟರ್ ಮೈಗಾಳಿ 763 ನ್ಯೂಟನ್ 4.55 ಮೀಟರಲ್ಲಿ, 3.5. ಸ್ಟ್ಯಾಂಡ್ ಮೇಲಿನ ಗಾಳಿ ಇನ್ನೊಂದು ಒಂದೂವರೆ. ಬುಡದಲ್ಲಿ 31 ಕೆಎನ್-ಮೀ ಹತ್ತಿರ. ನಾಲ್ಕು ಬೋಲ್ಟ್ 450 ಮಿ.ಮೀ ಚೌಕದಲ್ಲಿದ್ದರೆ ಒಂದೊಂದಕ್ಕೆ 34 ಕೆಎನ್ ಎಳೆತ, ಒಂದೂವರೆ ಪಟ್ಟು ಮಾಡಿದರೆ 52. ಐಎಸ್ 800 ಪ್ರಕಾರ 4.6 ದರ್ಜೆಯ ಎಂ20 ಬೋಲ್ಟ್ 68ರ ತನಕ ತಡೆಯುತ್ತೆ, ಆದರೂ ಉಪ್ಪುಗಾಳಿಯಲ್ಲಿ ಎಂ24 ಹಾಕಿ. ದಾರ ತುಕ್ಕು ಹಿಡಿದು ಸವೆಯೋದು ಗ್ರೌಟ್ ಮೇಲಿನ ಒಂದು ಇಂಚಲ್ಲೇ.

ಸ್ಟ್ಯಾಂಡ್ 3.4 ಮೀ, 219.1 ಮಿ.ಮೀ ಹೊರವ್ಯಾಸ, 6.3 ಮಿ.ಮೀ ಗೋಡೆಯ ಉಕ್ಕಿನ ಪೈಪ್ ಹಿಡಿದರೆ ತಲೆ 28 ಮಿ.ಮೀ ಓಲುತ್ತೆ, ಅದೂ ಫಾಲ್ಟ್ ಗಾಳಿ ಎರಡೂ ಸೇರಿ. ಮ್ಯಾನ್ಯುಯಲ್ 113ರಲ್ಲಿ ಬಸ್ ಸಪೋರ್ಟ್ ಕಂಬಕ್ಕೆ ಎತ್ತರದ ನೂರನೇ ಒಂದು, ಅಂದರೆ 34. ಸರಿ ಹೋಗುತ್ತೆ. ಇನ್ಸುಲೇಟರ್‌ನ ತಳ ನೆಲದಿಂದ 2.5 ಮೀಟರ್‌ಗಿಂತ ಕೆಳಗಿರಬಾರದು ಅನ್ನೋದಕ್ಕೆ 3.4 ಧಾರಾಳ. ಸ್ಟ್ಯಾಂಡ್ ಕುಳ್ಳ ಮಾಡಿ ಉಳಿಸೋಣ ಅಂತ ಯಾರಾದರೂ ಬಂದರೆ 5 ಮೀಟರ್ ಸೆಕ್ಷನಲ್ ಕ್ಲಿಯರೆನ್ಸ್ (ಕೆಲಸ ಮಾಡೋರಿಂದ ಕರೆಂಟ್ ಇರೋ ಭಾಗಕ್ಕೆ ಬೇಕಾದ ಅಂತರ) ತೋರಿಸಿ. ಗ್ಯಾಲ್ವನೈಸಿಂಗ್ ಚದರ ಮೀಟರ್‌ಗೆ 610 ಗ್ರಾಂ, ತೂತು ಕೊರೆಯೋದೆಲ್ಲ ಅದ್ದೋದಕ್ಕೆ ಮುಂಚೆ.

ಫೌಂಡೇಶನ್‌ಗೆ ಒಂದು ಮಾತು: ಫಾಲ್ಟ್ ಬಲ ಎರಡೂ ದಿಕ್ಕಿಗೆ ಬರುತ್ತೆ, ಗಾಳಿಯೂ ಅಷ್ಟೇ. ಒಂದೇ ಕಡೆ ಸರಳು ಹಾಕಿದ ಪೆಡೆಸ್ಟಲ್ ಡ್ರಾಯಿಂಗ್ ಬಂದರೆ ವಾಪಸ್ ಕಳಿಸಿ.

---

ಸ್ಪ್ಯಾನರ್_24

ಲೇಔಟ್ ಡ್ರಾಯಿಂಗಲ್ಲಿ ಪ್ರತಿ ಸಪೋರ್ಟ್ ಪಕ್ಕ ಎಫ್ ಅಥವಾ ಎಸ್ ಅಂತ ಬರೆಸಿ, ಫಿಕ್ಸೆಡ್ ಯಾವುದು ಸ್ಲೈಡಿಂಗ್ ಯಾವುದು ಅಂತ. ಬರೀ ಟೇಬಲಲ್ಲಿ ಇದ್ದರೆ ಸೈಟಲ್ಲಿ ಯಾರೂ ತೆಗೆದು ನೋಡಲ್ಲ. ಹಾಗೇ ಕೆಳಗಿನ ಉಪಕರಣಕ್ಕೆ ಇಳಿಯೋ ಡ್ರಾಪರ್ ತಂತಿಯನ್ನ ತುಸು ಸಡಿಲ ಬಿಡಿಸಿ. ಬಿಗಿ ಇಟ್ಟರೆ ಅದರ ಎಳೆತವೂ ಇದೇ ಇನ್ಸುಲೇಟರ್ ತಲೆಗೆ, ಮತ್ತೆ ಮೇಲಿನ ಲೆಕ್ಕದಲ್ಲಿ ಅದು ಇಲ್ಲ.